ನಾನು ಎಕ್ಸ್‌ಪಿ ಬಿಡಲಿಲ್ಲ

ರೋಣದ ಹೈಸ್ಕೂಲಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ನೌಕರಿಗೆ ಸೇರಿದಾಗ ಕಣ್ಣು ಚೆನ್ನಾಗಿಯೇ ಇದ್ದವು. ಆಮೇಲೆ ದೃಷ್ಟಿ ಅಂಚಿನಿಂದ ಸವೆಯುತ್ತ ಬಂದು, ನಲವತ್ತು ದಾಟುವಷ್ಟರಲ್ಲಿ ಪೂರ್ತಿ ಹೋಯಿತು. ಪಾಠಕ್ಕೇನೂ ತೊಂದರೆಯಾಗಲಿಲ್ಲ, ಅದೆಲ್ಲ ಬಾಯಲ್ಲೇ ಇತ್ತು. ಬರೆಯುವುದೇ ಕಷ್ಟವಾಯಿತು. ಪ್ರಶ್ನೆಪತ್ರಿಕೆ ಮಾಡಬೇಕೆಂದರೆ ಗುಮಾಸ್ತರ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಬೇಕು, ಅವರು ಬರೆದುಕೊಳ್ಳಬೇಕು. ಅವರು ಆಕಳಿಸಿದರೆ ನಾನು ಒಂದು ಪ್ರಶ್ನೆ ಬಿಟ್ಟುಬಿಡುತ್ತಿದ್ದೆ.

ಆಗ ನನ್ನ ಹೆಂಡತಿಯ ತಮ್ಮ ಗದಗಿನಿಂದ ಒಂದು ಕಂಪ್ಯೂಟರ್ ತಂದು ಶಾಲೆಯಲ್ಲಿ ನನ್ನ ಮೇಜಿನ ಮೇಲೆ ಇಟ್ಟುಕೊಟ್ಟ. ಅದನ್ನು ನಡೆಸುವ ವ್ಯವಸ್ಥೆ ಎಕ್ಸ್‌ಪಿ. ಜೊತೆಗೆ ತೆರೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ. ನೆಗಡಿಯಾದವರಂತೆ ಅದು ಮೂಗಿನಲ್ಲೇ ಕನ್ನಡ ಓದುತ್ತಿತ್ತು. ನಾನು ದಿನದಿಂದ ದಿನಕ್ಕೆ ಅದರ ವೇಗ ಹೆಚ್ಚಿಸುತ್ತ ಹೋದೆ. ಸ್ಟಾಫ್ ರೂಮಿನಲ್ಲಿ ಉಳಿದವರಿಗೆ ಅದು ಅರಳು ಹುರಿದ ಸದ್ದಿನಂತೆ ಕೇಳುತ್ತಿತ್ತು. ನನಗೆ ಒಂದೊಂದು ಒತ್ತಕ್ಷರವೂ ತಿಳಿಯುತ್ತಿತ್ತು. ನನ್ನ ಪ್ರಶ್ನೆಪತ್ರಿಕೆಯನ್ನು ನಾನೇ ಬರೆದೆ. ವರ್ಷಗಟ್ಟಲೆ ಹಾಗೆಯೇ ನಡೆಯಿತು.

ಆಮೇಲೆ ಹೊಸ ಹೆಡ್‌ಮಾಸ್ತರರು ಬಂದರು. ದೀಪಾವಳಿ ರಜೆ ಮುಗಿಸಿ ನಾನು ಶಾಲೆಗೆ ಹೋದರೆ, ನನ್ನ ಮೇಜಿನ ಮೇಲೆ ಬೇರೆ ಕಂಪ್ಯೂಟರ್ ಇತ್ತು. ಕೀಲಿಮಣೆ ಮುಟ್ಟಿದ ಕೂಡಲೇ ಗೊತ್ತಾಯಿತು.

"ಹಳೇದಕ್ಕ ಈಗ ಯಾರೂ ದಿಕ್ಕಿಲ್ರಿ ಸರ್," ಎಂದರು ಹೆಡ್‌ಮಾಸ್ತರರು. "ಅದರಾಗ ವೈರಸ್ ಹೊಕ್ಕರ ಸಾಲಿ ಕಂಪ್ಯೂಟರ್ ಎಲ್ಲಾ ಹಾಳಾಗ್ತಾವು. ಇದರ ದನಿ ಕೇಳ್ರಿ, ಭಾಳ ಚಲೋ ಐತಿ."

ದನಿ ಚಲೋ ಇತ್ತು, ಸುಳ್ಳಲ್ಲ. ರೇಡಿಯೋದಲ್ಲಿ ವಾರ್ತೆ ಓದುವ ಹೆಣ್ಣುಮಗಳಂತೆ. ಆದರೆ ನನ್ನ ಬೆರಳು ಮೂರನೆಯ ಅಕ್ಷರದ ಮೇಲಿದ್ದರೆ ಆಕೆ ಇನ್ನೂ ಮೊದಲನೆಯದನ್ನೇ ಹೇಳುತ್ತಿದ್ದಳು. ಆದರೂ ಹಲ್ಲು ಕಚ್ಚಿ ಎಂಟನೆಯ ತರಗತಿಯ ಪತ್ರಿಕೆ ಶುರು ಮಾಡಿದೆ. ಅರ್ಧ ಬರೆಯುವಷ್ಟರಲ್ಲಿ ದನಿ ನಿಂತುಹೋಯಿತು. ಏನು ಒತ್ತಿದರೂ ಮಾತಿಲ್ಲ.

ಪಕ್ಕದಲ್ಲಿದ್ದ ಡ್ರಿಲ್ ಮಾಸ್ತರರು ಬಗ್ಗಿ ನೋಡಿದರು. "ಅದ ತಾನ ಅಪ್‌ಡೇಟ್ ಆಗಾಕತ್ತೈತ್ರಿ. ಬಂದ್ ಮಾಡಬ್ಯಾಡ್ರಿ ಅಂತ ಬರದೈತಿ."

ಅದು ಮತ್ತೆ ಬಾಯಿ ತೆರೆದಾಗ ನಾನು ಬರೆದದ್ದು ಉಳಿದಿರಲಿಲ್ಲ. ನೆಟ್ಟಗೆ ಹೆಡ್‌ಮಾಸ್ತರರ ಖೋಲಿಗೆ ಹೋದೆ.

"ನೀವ್ಯಾಕ ತ್ರಾಸ ಮಾಡ್ಕೋತೀರಿ?" ಎಂದರು. "ನೀವು ಹೇಳ್ರಿ, ಗುಮಾಸ್ತರು ಬರಕೋತಾರ."

ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

"ನನ್ನ ಕಂಪ್ಯೂಟರ್ ಎಲ್ಲೈತ್ರಿ?"

"ಸ್ಟೋರ್ ರೂಮಿನಾಗ ಐತಿ. ಆದ್ರ ಸರ್, ಕಾಲ ಬಂದಂಗ ನಾವೂ ಹೋಗಬೇಕಲ್ರಿ? ಮನಸ್ಸು ಮಾಡಿದ್ರ ಹೊಸಾದು ಲಗೂನ ಕಲೀತೀರಿ."

"ಕಲಿಯಾಕ ಬರತೈತ್ರಿ. ಆದ್ರ ಕಲಿಯೂದಿಲ್ಲ. ಕಣ್ಣು ಹೋದಾಗ ಊಟ ಮಾಡೂದರಿಂದ ಹಿಡದು ಎಲ್ಲಾ ಮೊದಲಿಂದ ಕಲತೀನಿ. ಈಗ ಮಂದಿ ಸಲುವಾಗಿ ಮತ್ತ ಮೊದಲಿಂದ ಶುರು ಮಾಡು ಅಂದ್ರ ನಾ ಒಲ್ಲೆ."

"ಮತ್ತ ವೈರಸ್ಸು?"

"ಇಂಟರ್ನೆಟ್ ತಂತಿ ಕಿತ್ತಬಿಡ್ರಿ. ಪ್ರಶ್ನೆಪತ್ರಿಕೆ ಬರಿಯಾಕ ನನಗ ಜಗತ್ತೆಲ್ಲಾ ಬೇಕಾಗಿಲ್ಲ."

ಅವರು ಮೇಜಿನ ಡ್ರಾಯರ್ ಎಳೆದ ಸದ್ದು ಕೇಳಿಸಿತು. ಆಮೇಲೆ ಸ್ಟೋರ್ ರೂಮಿನ ಕೀಲಿ ನನ್ನ ಕೈಗೆ ಕೊಟ್ಟರು. ಡ್ರಿಲ್ ಮಾಸ್ತರರು ಹೊರಲು ಬಂದರೂ ಕೊಡದೆ, ಕಂಪ್ಯೂಟರಿನ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಪಡಸಾಲೆಯುದ್ದಕ್ಕೂ ನಾನೇ ಹೊತ್ತು ತಂದೆ. ಧೂಳಿಗೆ ಸೀನು ಬಂತು. ಮಕ್ಕಳು ನಕ್ಕರು. ನಗಲಿ.

ತಂತಿ ಕಿತ್ತದ್ದರಿಂದ ನಷ್ಟವೂ ಇದೆ. ಶಾಲೆಗೆ ಬರುವ ಮೇಲ್ ಓದಲು ನನಗೆ ಆಗುವುದಿಲ್ಲ, ಬೇರೆಯವರು ಓದಿ ಹೇಳಬೇಕು. ನನ್ನ ಪೆನ್‌ಡ್ರೈವ್ ಅನ್ನು ಆಫೀಸಿನವರು ವೈರಸ್ ತಪಾಸಣೆ ಮಾಡದೆ ಹಾಕಿಕೊಳ್ಳುವುದಿಲ್ಲ. ಇದೆಲ್ಲ ನಾನು ಒಪ್ಪಿಯೇ ಮಾಡಿದ್ದು. ಓದುವುದನ್ನು ಬೇರೆಯವರು ಓದಲಿ, ಬರೆಯುವುದು ಮಾತ್ರ ನನ್ನದು.

ಕಳೆದ ಬೇಸಿಗೆಯಲ್ಲಿ ಅದರ ಕರೆಂಟಿನ ಭಾಗ ಸುಟ್ಟಿತು. ಅದನ್ನು ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಮುಚ್ಚಳ ತೆಗೆದು ನಕ್ಕ.

"ಸರ್, ಇದನ್ನ ಗುಜರಿಗೆ ಹಾಕ್ರಿ. ಹೊಸಾದು ಕೂಡಿಸಿ ಕೊಡ್ತೀನಿ."

"ಅದನ್ನ ಕೇಳಾಕ ಬಂದಿಲ್ಲ," ಎಂದೆ. "ಇದಕ್ಕ ಹೊಂದೂ ಸಾಮಾನ ಹುಡುಕ್ರಿ."

ಅವನು ಗೊಣಗುತ್ತ ಹಳೆಯ ಡಬ್ಬಿಗಳನ್ನು ಕೆದಕತೊಡಗಿದ. ಹೊರಗೆ ರೋಣದ ಬಸ್ಸು ಹಾರ್ನ್ ಹೊಡೆದು ಹೊರಟಿತು. ನಾನು ಸ್ಟೂಲ್ ಎಳೆದುಕೊಂಡು ಅಲ್ಲೇ ಕುಳಿತೆ.