ಯಮನಮ್ಮ ಉಡಿ ಝಾಡಿಸಲಿಲ್ಲ

ಬೆಳಗಿನ ಐದೂವರೆ. ಸಿಂಧನೂರಿನ ಹಳೇ ಚಿತ್ರಮಂದಿರದಲ್ಲಿ ಎರಡೇ ದೀಪ ಉರಿಯುತ್ತಿವೆ. ಯಮನಮ್ಮ ಮೇಲಿನ ಸಾಲಿನಿಂದ ಪರದೆಯ ಕಡೆಗೆ ಕಸ ಹೊಡೆಯುತ್ತಾ ಇಳಿಯುತ್ತಿದ್ದಾರೆ. ಕೆಳಗೆ ಬಂದ ಕಸವನ್ನು ಅವರು ನೇರ ಚೀಲಕ್ಕೆ ತುಂಬುವುದಿಲ್ಲ. ಪರದೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಅಕ್ಕಿ ಗಿರಣಿಯ ದೊಡ್ಡ ಜರಡಿಯಲ್ಲಿ ಅಷ್ಟನ್ನೂ ಹಿಡಿಯುತ್ತಾರೆ. ಧೂಳು ಉದುರುತ್ತದೆ, ಶೇಂಗಾ ಸಿಪ್ಪೆಯ ನಡುವೆ ಒಂದು ಕಾಲುಂಗುರ ಉಳಿಯುತ್ತದೆ.

"ಕತ್ತಲದಾಗ ಚಪ್ಪಲಿ ಬಿಟ್ಟು ಕಾಲು ಮಡಚಿ ಕುಂದರ್ತಾರ್ರಿ. ಕಾಲುಂಗುರ ಜಾರಿದ್ದು ಮನಿ ಮುಟ್ಟಿದ ಮ್ಯಾಲೆ ಗೊತ್ತಾಗತೈತಿ," ಎನ್ನುತ್ತಾರೆ. ಸಿಕ್ಕಿದ್ದೆಲ್ಲ ಟಿಕೆಟ್ ಕಿಟಕಿಯ ಪಕ್ಕದ ಗಾಜಿನ ಡಬ್ಬಿಗೆ ಹೋಗುತ್ತದೆ. ಕಳೆದುಕೊಂಡವರು ಬಂದು ಗುರುತು ಹೇಳಿ ಒಯ್ಯುತ್ತಾರೆ.

ಬಳಗಾನೂರಿನ ಯಮನಮ್ಮನಿಗೀಗ ನಲವತ್ತಾರು. ಹನ್ನೆರಡು ವರ್ಷ ಗಿರಣಿಯಲ್ಲಿ ಅಕ್ಕಿಯಿಂದ ನುಚ್ಚು ಬೇರ್ಪಡಿಸಿದವರು. ಯಂತ್ರ ಬಂತು, ಕೆಲಸ ಹೋಯಿತು. ಹೊರಡುವಾಗ ಜರಡಿಯೊಂದನ್ನು ಕೇಳಿ ತಂದರು. ಈಗ ಆರುನೂರು ಕುರ್ಚಿ, ದಿನಕ್ಕೆ ನಾಲ್ಕು ಆಟ, ಐದಾರು ಚೀಲ ಕಸ. ಜೊತೆಗಿರುವುದು ಚಾಂದ್‌ಬೀ ಒಬ್ಬರೇ. ಗಂಡ ತಾಯಪ್ಪ ಹಮಾಲಿ ಮಾಡುತ್ತಿದ್ದವರು, ಸೊಂಟ ಹಿಡಿದು ಮನೆಯಲ್ಲಿದ್ದಾರೆ. ಮಗಳು ಭಾರತಿ ಮಸ್ಕಿಯ ಕಾಲೇಜಿಗೆ ಹೋಗುತ್ತಾಳೆ. ಮನೆ ನಡೆಯುವುದು ಈ ಪೊರಕೆಯಿಂದ.

ಸದ್ಯ ಇಲ್ಲಿ ಓಡುತ್ತಿರುವುದು ಒಡವೆ ಕಳ್ಳತನದ ಸಿನಿಮಾ. ಥಳಕುಬಳಕಿಗೆ ಕೊರತೆಯಿಲ್ಲ: ಕರಿ ಕೋಟಿನ ನಾಯಕ, ಗಾಜಿನ ಪೆಟ್ಟಿಗೆಯಲ್ಲಿ ವಜ್ರದ ಹಾರ, ಅದರ ಸುತ್ತ ಕೆಂಪು ಬೆಳಕಿನ ಗೆರೆಗಳು. ಕಥೆಯನ್ನು ಮಾತ್ರ ಕದ್ದುಮುಚ್ಚಿ ಇಡಲು ಆಗಿಲ್ಲ. "ಹೀರೋನ ಗೆಳೆಯ ಮೊದಲನೇ ಸರ್ತಿ ನಕ್ಕಾಗನ ಚಾಂದ್‌ಬೀಗೆ ಹೇಳಿದ್ನಿ, ಹಾರ ಇವನ ಹತ್ರನ ಹೋಗತೈತಿ ನೋಡು ಅಂತ. ಹಂಗ ಆತು," ಎಂದು ಯಮನಮ್ಮ ನಗುತ್ತಾರೆ.

ಆದರೆ ಕಳೆದ ಭಾನುವಾರ ನಡೆದದ್ದಕ್ಕೆ ನಗು ಬರುವುದಿಲ್ಲ. ಮಧ್ಯಾಹ್ನದ ಆಟ ಬಿಟ್ಟಾಗ ಹೊರಗೆ ಮುಂದಿನ ಆಟದ ಜನ ಕಿಕ್ಕಿರಿದಿದ್ದರು. ಮ್ಯಾನೇಜರ್ ಮಾನಪ್ಪ ಅವಸರ ಮಾಡಿದರು: "ಇವತ್ತು ಜರಡಿ ಗಿರಡಿ ಬ್ಯಾಡ, ಕಸ ಹಿಂದಕ್ಕ ಒಗದು ಬಾ." ಯಮನಮ್ಮ ಒಲ್ಲದ ಮನಸ್ಸಿನಿಂದಲೇ ಚೀಲಗಳನ್ನು ಹಿತ್ತಲಿಗೆ ಹಾಕಿ ಬಂದರು. ಹತ್ತು ನಿಮಿಷವೂ ಆಗಿರಲಿಲ್ಲ, ಲಿಂಗಸುಗೂರು ಕಡೆಯ ಗಂಡ ಹೆಂಡತಿ ಓಡಿ ಬಂದರು. ಹೆಂಡತಿಯ ಒಂದು ಕಿವಿಯಲ್ಲಿ ಜುಮುಕಿ ಇರಲಿಲ್ಲ. ಡಬ್ಬಿಯಲ್ಲಿಯೂ ಇಲ್ಲ ಎಂದು ತಿಳಿದ ಕೂಡಲೇ ಗಂಡ ಮೈ ತಪಾಸಣೆ ಆಗಲೇಬೇಕೆಂದು ಜನರೆಲ್ಲ ಕೇಳುವಂತೆ ಕೂಗಿದ: "ಕಸ ಹೊಡಿಯಾಕಿನ್ನ ಝಡತಿ ಮಾಡ್ರಿ!"

ಸಿನಿಮಾದ ಕಥೆಯಷ್ಟೇ ಹಳೆಯದು ಈ ಊಹೆ. ಒಡವೆ ಕಾಣೆಯಾದರೆ ಮೊದಲು ಕಣ್ಣು ಬೀಳುವುದು ಪೊರಕೆ ಹಿಡಿದವಳ ಮೇಲೆಯೇ. ಮಾನಪ್ಪನಾದರೂ ತಡೆಯಬೇಕಿತ್ತು. ಅವರು, "ಉಡಿ ಝಾಡಿಸಿ ತೋರಿಸಿಬಿಡು, ಮುಗೀತದ" ಎಂದರು.

"ಹೆಣ್ಣಮಕ್ಕಳ ಉಡಿ ತುಂಬಾಕ ಐತ್ರಿ, ಝಾಡಸಾಕಲ್ಲ," ಎಂದರು ಯಮನಮ್ಮ. "ಝಡತಿ ಮಾಡೂದಾದ್ರ ನಿಮ್ಮಿಂದ ಸುರು ಆಗಲಿ. ನೀವೂ ಒಳಗ ಇದ್ರಿ."

"ನಾಳಿಂದ ಕೆಲಸಕ್ಕ ಬರಬ್ಯಾಡ," ಎಂದರು ಮಾನಪ್ಪ.

ಯಮನಮ್ಮ ಬಾಗಿಲಿಗೆ ಅಡ್ಡ ಕೂತುಬಿಟ್ಟರು. ಚಾಂದ್‌ಬೀ ಪೊರಕೆ ಒಗೆದು ಪಕ್ಕದಲ್ಲೇ ಕೂತರು. ಹೊರಗೆ ಜನ ಶಿಳ್ಳೆ ಹೊಡೆಯತೊಡಗಿದರು. "ಕೆಲಸ ಹೋದ್ರ ಇನ್ನೊಂದು ಹುಡುಕ್ತಿದ್ನಿ. ಕಳ್ಳಿ ಅನ್ನೂ ಹೆಸರು ಬಸ್ಸಿಗಿಂತ ಮೊದಲ ಊರು ಮುಟ್ಟತೈತ್ರಿ. ನನ್ನ ಮಗಳು ಮಸ್ಕ್ಯಾಗ ಹೆಂಗ ತಲಿ ಎತ್ತಬೇಕು?" ಎನ್ನುತ್ತಾರೆ.

ಕಡೆಗೆ ಅವರೇ ದಾರಿ ತೋರಿಸಿದರು: "ಒಗದ ಕಸ ತರಸ್ರಿ. ಎಲ್ಲಾರ ಮುಂದ ಜರಡಿ ಹಿಡೀತೀನಿ." ಚೀಲಗಳು ಮೆಟ್ಟಿಲಿಗೆ ಬಂದವು. ಯಮನಮ್ಮ ಜರಡಿಯ ಇನ್ನೊಂದು ಅಂಚನ್ನು ಆ ಗಂಡನ ಕೈಗೇ ಕೊಟ್ಟರು. ಬಿಳಿ ಅಂಗಿ ತುಂಬ ಧೂಳಾಯಿತು. ಮೂರನೆಯ ಚೀಲದಲ್ಲಿ, ಪಾಪ್‌ಕಾರ್ನ್ ನಡುವೆ ಜುಮುಕಿ ಸಿಕ್ಕಿತು. ನಾಯಕನಿಗೂ ಬೀಳದಷ್ಟು ಶಿಳ್ಳೆ ಬಿತ್ತು.

ಆತ ನೋಟು ಚಾಚಿದ. "ರೊಕ್ಕ ಬ್ಯಾಡ, ಆಡಿದ ಮಾತು ತಿರುಗಿ ತಗೋರಿ," ಎಂದರು. ಆತ ತಪ್ಪಾಯಿತೆಂದು ಗೊಣಗಿದ. "ಆಗ ದನಿ ಇಷ್ಟು ಸಣ್ಣದಿದ್ದಿಲ್ಲಲ್ರಿ," ಎಂದು ಜೋರಾಗಿ ಹೇಳಿಸಿಯೇ ಬಾಗಿಲು ಬಿಟ್ಟರು.

ಕೆಲಸ ಉಳಿಯಿತು. ಆದರೆ ಮರುದಿನವೇ ಮಾಲೀಕರ ಅಪ್ಪಣೆ ಬಂತು: ಸಂಜೆ ಮನೆಗೆ ಹೋಗುವಾಗ ಕಸ ಹೊಡೆಯುವವರ ಕೈಚೀಲ ತಪಾಸಣೆ ಆಗಬೇಕು. ಯಮನಮ್ಮ ಒಂದೇ ಷರತ್ತು ಹಾಕಿದರು, ಎಲ್ಲರದೂ ಆಗಬೇಕು, ಮ್ಯಾನೇಜರ್‌ದು ಮೊದಲು. ಇಲ್ಲವಾದರೆ ಪೊರಕೆ ನೀವೇ ಹಿಡಿಯಿರಿ ಎಂದರು. ಸಿನಿಮಾ ತುಂಬಿ ಓಡುತ್ತಿರುವ ವಾರ, ಮಾಲೀಕರು ಒಪ್ಪಲೇಬೇಕಾಯಿತು.

ಈಗ ಸಂಜೆ ಆರು. ಟಿಕೆಟ್ ಕೌಂಟರಿನ ಮೇಲೆ ಮಾನಪ್ಪ ತಮ್ಮ ಊಟದ ಡಬ್ಬಿ ಬಿಚ್ಚುತ್ತಿದ್ದಾರೆ, ಯಾರ ಮುಖವನ್ನೂ ನೋಡದೆ. ಯಮನಮ್ಮ ಸಾಲಿನಲ್ಲಿ ಎರಡನೆಯವರು. ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ ಸೆರಗು ಬಿಗಿದುಕೊಳ್ಳುತ್ತಾರೆ.

"ಮಾಲೀಕರು ಭಾನುವಾರಕ್ಕೊಮ್ಮೆ ಬರ್ತಾರ್ರಿ. ಅವರೂ ಇದ ಬಾಗಿಲದಾಗ ಹೋಗ್ತಾರ. ಒಂದಿನ ಸಾಲಿನಾಗ ನಿಂದ್ರಲಿ, ನನ್ನ ಮುಂದ."