ಮಂಜಿನೊಳಗೆ ಬೋರನ ಕೈ ಹಿಡಿದವರು

ಅಂದು ಬೆಳಿಗ್ಗೆ ನಾನು ನನ್ನ ತಮ್ಮನ ಕೈ ಬಿಟ್ಟೆ. ಬಿಟ್ಟೆನೆಂದು ಎಷ್ಟೋ ವರ್ಷ ಯಾರಿಗೂ ಹೇಳಲಿಲ್ಲ. ದೆವ್ವ, ಗಾಳಿ ಎಂದು ಊರಿನವರು ಆಡುತ್ತಿದ್ದ ಮಾತುಗಳನ್ನು ನಾನು ಚಿಕ್ಕಂದಿನಲ್ಲೂ ನಂಬಿದವಳಲ್ಲ. ಓದಿದ್ದು ಮೂರನೇ ಕ್ಲಾಸು. ಆದರೂ ಕಣ್ಣಿಗೆ ಕಂಡದ್ದನ್ನೇ ಒಪ್ಪುವ ಹಟ ಮೊದಲಿನಿಂದಲೂ ಇತ್ತು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ಏನು ಬೇಕಾದರೂ ತಿಳಿದುಕೊಳ್ಳಿ.

ಯುದ್ಧ ನಡೆಯುತ್ತಿದ್ದ ಕಾಲ. ನಮ್ಮೂರು ಕೆರಗೋಡಿನ ಪಕ್ಕ. ನನಗೆ ಹತ್ತು ವರ್ಷ, ಬೋರನಿಗೆ ಐದು. ಆ ಸಲ ಸಂಕ್ರಾಂತಿಯ ಹೊತ್ತಿಗೆ ಎಂಥ ಮಂಜು ಬಿದ್ದಿತ್ತೆಂದರೆ, ಜಗಲಿಯ ಮೇಲೆ ನಿಂತರೆ ಎದುರಿನ ಕೊಟ್ಟಿಗೆ ಕಾಣುತ್ತಿರಲಿಲ್ಲ. ನಮಗೆ ಅದೇ ಹಬ್ಬ. ಬೋರ ಒಂದು ಕಡ್ಡಿಯನ್ನು ತುಟಿಗಿಟ್ಟು, ಬಾಯಿಂದ ಬಿಳಿ ಉಸಿರು ಬಿಡುತ್ತ, “ಅಪ್ಪಾ, ಬೀಡಿ ಸೇದೀಯಾ?” ಎಂದ. ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದ ಅಪ್ಪ, “ಕೊಡ್ಲಾ ಒಂದ, ನಂದು ಮುಗ್ದೋಗದೆ” ಎಂದು ಕೈ ಚಾಚಿದ. ಅವ್ವ ಒಲೆಯ ಮುಂದೆ ಕುಳಿತೇ ನಕ್ಕಳು.

ಕಬ್ಬು ನಮ್ಮ ಹೊಲದಲ್ಲೇ ಬೆಳೆಯುತ್ತಿತ್ತು. ಸಕ್ಕರೆ ಮಾತ್ರ ರೇಷನ್ ಚೀಟಿಗೆ. ಇದ್ದಬದ್ದ ಸಕ್ಕರೆಯನ್ನು ಪಾಕ ಮಾಡಿ ಮರದ ಅಚ್ಚಿಗೆ ಹುಯ್ದಾಗ ಬಂದದ್ದು ಒಂದೇ ಒಂದು ಗಿಣಿ. ನಮ್ಮ ಅಚ್ಚಿನಲ್ಲಿ ಕೊಕ್ಕು ಕೊರೆದ ಜಾಗ ಸವೆದುಹೋಗಿತ್ತು. ಅದರಿಂದ ಬರುತ್ತಿದ್ದ ಗಿಣಿಗಳೆಲ್ಲ ಮೊಂಡು ಮೂತಿಯವು. ಆ ಗಿಣಿ ನಾಲೆಯಾಚೆ ಇದ್ದ ಅತ್ತೆಗೆ, ಅಪ್ಪನ ಅಕ್ಕನಿಗೆ. ಅವಳಿಗೆ ಬೀರುವ ಎಳ್ಳಿನ ಜೊತೆ ಅಚ್ಚಿಲ್ಲದಿದ್ದರೆ ವರ್ಷವಿಡೀ ಮಾತು ಕೇಳಬೇಕಾಗಿತ್ತು.

ಹೊತ್ತು ಹುಟ್ಟಿದ ಮೇಲೆ ಅವ್ವ ಎಳ್ಳುಬೆಲ್ಲದ ತಟ್ಟೆಯ ಮೇಲೆ ಗಿಣಿಯಿಟ್ಟು ನನಗೆ ಕೊಟ್ಟಳು. “ನಾಲೇಲಿ ನೀರು ಬುಟ್ಟವ್ರೆ. ಮಗೀನ ಕೈ ಏನಾರಾ ಬುಟ್ಟೆ, ನಿನ್ನ ಸುಮ್ಕೆ ಬುಡಾಕಿಲ್ಲ” ಎಂದಳು.

ನಾಲೆಯ ಏರಿಯ ಮೇಲಿನ ಹುಣಸೆಮರದವರೆಗೂ ಕೈ ಹಿಡಿದೇ ಇದ್ದೆ. ಅಷ್ಟರಲ್ಲಿ ಗಿಣಿಯ ಆಸೆ ತಡೆಯಲಾಗಲಿಲ್ಲ.

“ಲೇ ಬೋರ, ಕಣ್ಣು ಮುಚ್ಕಂಡು ಇಲ್ಲೇ ನಿಂತ್ಕೊ. ನಾನು ಬಚ್ಚಿಟ್ಕತೀನಿ.”

“ಎಷ್ಟೊತ್ತು?”

“ನಾನು ಕೂಗೋಗಂಟ.”

ಕಬ್ಬಿನ ಗದ್ದೆಯ ಮರೆಗೆ ಹೋಗಿ ಬಾಲದ ಕಡೆಯಿಂದ ಒಂದು ಚೂರು ಕಚ್ಚಿದೆ. ಒಂದೇ ಚೂರು ಎಂದುಕೊಂಡಿದ್ದೆ. ಕೊನೆಗೆ ಬೆರಳನ್ನೂ ನೆಕ್ಕಿ ಮರದ ಹತ್ತಿರ ಬಂದರೆ ಬೋರ ಇಲ್ಲ. ಕೂಗಿದೆ. ನೀರು ಹರಿಯುವ ಸದ್ದೊಂದೇ ಕೇಳುತ್ತಿತ್ತು. ನಾಲೆಗೆ ಇಣುಕಿ ನೋಡುವ ಧೈರ್ಯ ಬರಲಿಲ್ಲ. ಮನೆಯ ಕಡೆ ಓಡುತ್ತ ನಾನು ಯೋಚಿಸಿದ್ದು ಅವನನ್ನಲ್ಲ. ಗಿಣಿ ಏನಾಯಿತೆಂದು ಸುಳ್ಳು ಹೇಳಲಿ ಎಂದು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಬೋರ ಒಲೆಯ ಮುಂದೆ ಕುಳಿತು ಒಂದು ಕೈ ಕಾಯಿಸಿಕೊಳ್ಳುತ್ತಿದ್ದ.

“ಇವನ್ನ ಬಾಗ್ಲಲ್ಲಿ ಬುಟ್ಟು ಎತ್ತಾಗೋದ್ಯೆ? ಕೂಗುದ್ರೂ ತಿರುಗಿ ನೋಡ್ನಿಲ್ಲ” ಎಂದಳು ಅವ್ವ. ನನ್ನ ಹಸಿರು ಲಂಗ ಮಂಜಿನೊಳಗೆ ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳಂತೆ. ಬೋರ ಇನ್ನೊಂದು ಮುಷ್ಟಿ ಬಿಚ್ಚಿದ. ಅದರಲ್ಲಿ ಗಿಣಿ. ಇಡಿಯಾಗಿತ್ತು, ಮೊಂಡು ಮೂತಿಯದೇ. ನನ್ನ ನಾಲಿಗೆಯ ಮೇಲೆ ಸಿಹಿ ಇನ್ನೂ ಆರಿರಲಿಲ್ಲ.

“ಅತ್ತೆ ಅಚ್ಚ ತಮ್ಮಂಗೆ ಕೊಟ್ಟಿದ್ದೀಯ. ಓಗ್ಲಿ ಬುಡು, ನಿನ್ನ ಬಾಯಿಗೆ ಆಕ್ಕಳ್ನಿಲ್ವಲ್ಲ” ಎಂದು ಅವ್ವ ನನ್ನ ತಲೆ ಸವರಿದಳು.

ಬೋರ ನನ್ನನ್ನೇ ನೋಡುತ್ತ, “ಅಕ್ಕ, ನಿನ್ನ ಕೈ ಯಾಕಂಗೆ ತಣ್ಣಗಿತ್ತು?” ಎಂದ.

ಆಮೇಲೆ ನಾನು ಎಲ್ಲರನ್ನೂ ಅನುಮಾನಿಸಿದೆ. ಪಕ್ಕದ ಮನೆಯ ಸಾಕಮ್ಮನನ್ನು, ನೀನು ಕರೆತಂದೆಯಾ ಎಂದು ಕೇಳಿದೆ. “ಮಂಡಿ ನೋವಿಗೆ ನಾನು ಬಚ್ಚಲಿಗೋಗಾದೇ ಕಷ್ಟ ಕಣವ್ವ” ಎಂದು ನಕ್ಕಳು. ಅವ್ವ ಎರಡು ಗಿಣಿ ಮಾಡಿ ಒಂದನ್ನು ಬಚ್ಚಿಟ್ಟಿದ್ದಳೇ ಎಂದು ಮಡಕೆಗಳನ್ನೆಲ್ಲ ತಡಕಿದೆ. ಬೋರನೇ ಆಟ ಕಟ್ಟಿದನೇ ಎಂದು ಅವನನ್ನು ಚಿವುಟಿ ಕೇಳಿದೆ. ಅತ್ತನೇ ಹೊರತು ಮಾತು ಬದಲಿಸಲಿಲ್ಲ. ಅವ್ವನಿಗೆ ಎಲ್ಲವೂ ಗೊತ್ತಿದ್ದು, ನಾನಾಗಿ ಒಪ್ಪಿಕೊಳ್ಳಲೆಂದು ಕಾಯುತ್ತಿದ್ದಾಳೇನೋ ಎಂದು ಎಷ್ಟೋ ವರ್ಷ ಅವಳ ಮುಖ ನೋಡುತ್ತಿದ್ದೆ. ಅವಳು ಏನೂ ಹೇಳದೆ ತೀರಿಕೊಂಡಳು. ಮಂಜು ಬಿದ್ದ ಬೆಳಿಗ್ಗೆ ನಾನು ಇಂದಿಗೂ ಹೊಸ್ತಿಲು ದಾಟುವ ಮುಂಚೆ ಒಂದು ಗಳಿಗೆ ನಿಲ್ಲುತ್ತೇನೆ. ನನ್ನ ಹಾಗೆಯೇ ಲಂಗ ಉಟ್ಟವಳು ಯಾರೆಂದು ನನಗೆ ಗೊತ್ತಾಗಲೇ ಇಲ್ಲ.

ಹೋದ ಸಂಕ್ರಾಂತಿಗೆ ಬೋರನ ಮನೆಗೆ ಹೋಗಿದ್ದೆ. ಈಗ ಅವನೂ ಮೊಮ್ಮಕ್ಕಳ ತಾತ. ಪ್ರತಿ ಸಲದಂತೆ ಮಕ್ಕಳಿಗೆ ಸಕ್ಕರೆ ಅಚ್ಚು ಹಂಚುತ್ತ, “ಸಕ್ಕರೆ ಸಿಕ್ಕದ ಕಾಲ್ದಲ್ಲಿ ನಮ್ಮಕ್ಕ ತಾನು ತಿನ್ನದೆ ನಂಗೆ ಕೊಟ್ಟೋಳು ಕಣ್ರಲಾ” ಎಂದ. ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ನಾನು ಹೋಗಿ ಅವನ ಕೈ ಹಿಡಿದುಕೊಂಡೆ.

“ತಪ್ಪಾಯ್ತು ಕಣಪ್ಪ ಬೋರ. ಅವತ್ತು ನಿನ್ನ ಕೈ ಬುಟ್ಟು ಗಿಣಿ ತಿಂದೋಳು ನಾನು. ನಿನ್ನ ಮನೆಗೆ ಕರ್ಕಂಡು ಬಂದೋಳು ನಾನಲ್ಲ.”