ಗ್ಲಾಸು ಕಾಯುವ ಅತ್ತೆ
ಕಂಪಾಲಾದ ನಮ್ಮ ಬೀದಿಯಲ್ಲಿ ಬಾರ್ ನಡೆಸುವ ನಬುಕೀರಾ ಅತ್ತೆ ಬಿಯರ್ ಬಾಟಲಿಯ ಮುಚ್ಚಳವನ್ನು ಗಿರಾಕಿಯ ಕಣ್ಣೆದುರೇ ತೆಗೆಯುತ್ತಾಳೆ. ಯಾರಾದರೂ ಗ್ಲಾಸು ಬಿಟ್ಟು ಎದ್ದುಹೋದರೆ ಮುಗಿಯಿತು, ಮಂತ್ರಿಯದಾದರೂ ಅಂಗಳಕ್ಕೆ ಚೆಲ್ಲುತ್ತಾಳೆ. ಅಲ್ಲಿನ ಪಪ್ಪಾಯಿ ಮರ ಅದನ್ನೆಲ್ಲ ಕುಡಿದೂ ಕುಡಿದೂ ಈಗ ಗೋಡೆ ಹಿಡಿದು ನಿಂತಿದೆ. "ಅಯ್ಯೋ ಅತ್ತೇ, ತುಂಬಿದ ಗ್ಲಾಸು!" ಎಂದರೆ, "ಸುಮ್ನಿರೋ ಪೆದ್ದೇ, ಯಾವನಾದ್ರೂ ಏನಾದ್ರೂ ಬೆರೆಸಿದ್ರೆ ನಿನ್ನ ನಾಲಿಗೆಗೆ ಗೊತ್ತಾಗುತ್ತಾ? ಹೊಸದು ಕೊಡ್ತೀನಿ, ಕೂತ್ಕೋ" ಎನ್ನುತ್ತಾಳೆ. ಒಬ್ಬರು ಇನ್ನೊಬ್ಬರಿಗೆಂದು ಕಳಿಸುವ ಗ್ಲಾಸನ್ನಂತೂ ಮುಟ್ಟುವುದೇ ಇಲ್ಲ. ಹಿಂದೊಮ್ಮೆ ಸೂಟು ತೊಟ್ಟ ನಗುಮುಖದವನೊಬ್ಬ ಕಳಿಸಿದ್ದನ್ನು, ಬೇಡವೆಂದರೆ ಮರ್ಯಾದೆಯಲ್ಲವೆಂದು, ತಾನೇ ಒಯ್ದು ಮಗಳ ಕೈಗಿಟ್ಟಿದ್ದಳು. ಮಗಳು ಆಸ್ಪತ್ರೆ ಸೇರಿ ಬದುಕಿಕೊಂಡಳು. "ನಿನ್ನ ತಪ್ಪಲ್ಲ ಬಿಡಮ್ಮ" ಎಂದೂ ಹೇಳಿದಳು. ಆದರೂ ಅಮ್ಮ ಮಾಡಿಕೊಟ್ಟ ಚಹಾ ಇವತ್ತಿಗೂ ಅವಳ ಮುಂದೆ ಹಾಗೇ ಆರಿಹೋಗುತ್ತದೆ.